ಬಸವನಹುಳಕ್ಕೆ ಉಪ್ಪು ಎರಚುವವರಿಗೆ

ಎರಡು ಹದ ಮಳೆ ಬಿದ್ದರೆ ಸಾಕು, ನನ್ನ ಫೋನಿನ ತುಂಬ ಬಸವನಹುಳದ ಫೋಟೊಗಳು. ಪ್ರಶ್ನೆಗಳು ಮಾತ್ರ ಹೋದ ವರ್ಷದವೇ.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟ, ಬದುವಿನಲ್ಲಿ ಪಪ್ಪಾಯ. ಅಂಗೈಯಗಲದ ಬಸವನಹುಳ ರಾತ್ರಿ ಬಂದು ಚಿಗುರು ತಿನ್ನುತ್ತಿವೆ. ಅಂಗಡಿಯವರು ಕೊಟ್ಟ ಔಷಧ ಎರಡು ಸಲ ಹೊಡೆದೆ, ಉಪ್ಪೂ ಎರಚಿದೆ. ಕಡಿಮೆಯಾಗುತ್ತಿಲ್ಲ.

ಹೊಡೆದದ್ದು ಕೀಟನಾಶಕ. ಇದು ಕೀಟವೇ ಅಲ್ಲ, ಮೃದ್ವಂಗಿ. ಅಂಗಡಿಯವರಿಗೆ ಅದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮಾರಿದ್ದಾರೆ. ಆ ಸೊಪ್ಪನ್ನು ರೇಷ್ಮೆಹುಳಕ್ಕೆ ಹಾಕಿಲ್ಲ ತಾನೆ? ಹಾಕಿದರೆ ಕಳ್ಳ ಉಳಿದು ಮನೆಯವರು ಹೋದಂತೆ. ಉಪ್ಪಂತೂ ನಿಮ್ಮ ಮಣ್ಣನ್ನೇ ಕೆಡಿಸುತ್ತದೆ.

ಪೂರ್ವ ಆಫ್ರಿಕದ ಈ ಪ್ರಾಣಿಯನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ತೋಟಕ್ಕೆ ಬಿಟ್ಟ. ನಿಮ್ಮಲ್ಲಿಗೆ ಬಂದದ್ದು ನರ್ಸರಿ ಸಸಿಯ ಮಣ್ಣಿನಲ್ಲೋ ಗೊಬ್ಬರದ ಲೋಡಿನಲ್ಲೋ ಇರಬೇಕು. ಗಂಡು, ಹೆಣ್ಣು ಎರಡೂ ಒಂದೇ ಮೈಯಲ್ಲಿವೆ. ಹೀಗಾಗಿ ಪ್ರತಿಯೊಂದೂ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ನೂರಕ್ಕೂ ಹೆಚ್ಚು.

ಸಂಜೆ ಬದುವಿನಲ್ಲಿ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯದ ಎಲೆ, ಕಾಂಡ ಇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಸತ್ತ ಮೇಲೆ ತೋಟದಾಚೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ. ತುಳಿದು ಬಿಟ್ಟು ಬರಬೇಡಿ, ಒಳಗೆ ಮೊಟ್ಟೆ ಇದ್ದರೆ ಮರಿಯಾಗಬಹುದು. ಪಕ್ಕದ ತೋಟದವರೂ ಕೂಡಿ ಮಳೆಗಾಲದುದ್ದಕ್ಕೂ ಹೀಗೆ ಆರಿಸಿದರೆ ಮಾತ್ರ ಫಲ. ನೀವೊಬ್ಬರೇ ಆರಿಸಿದರೆ ಬೇಲಿಯಾಚೆಯವು ಬಂದು ಕೂರುತ್ತವೆ.

ಬಸವನಹುಳ ಕೊಲ್ಲುವ ವಿಷವಾದ ಶೇ 2.5ರ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ನಾಯಿ ತಿಂದರೆ ಸೆಳೆತ ಬಂದು ಸಾಯುತ್ತದೆ. ನಾಯಿ, ಕೋಳಿ ಇರುವ ಮನೆಗೆ ನಾನು ಬರೆದುಕೊಡುವುದಿಲ್ಲ, ಹೆದರಿಕೆ ಅಂದುಕೊಂಡರೂ ಸರಿಯೇ.

ಪ್ರಶ್ನೆ: ಬೇಸಿಗೆಯಲ್ಲಿ ಎಲ್ಲ ಸತ್ತುಹೋದವಲ್ಲ?

ಇಲ್ಲ. ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ಕಲ್ಲುಗುಪ್ಪೆಯಡಿ ಮಲಗಿರುತ್ತವೆ. ಆಗಲೇ ಕಲ್ಲು ಸರಿಸಿ ಹುಡುಕಿ.

ಪ್ರಶ್ನೆ: ಮಳೆಯ ಜೊತೆ ಆಕಾಶದಿಂದ ಬೀಳುತ್ತವಂತೆ?

ಮುಂದಿನ ಪ್ರಶ್ನೆ.

ಪ್ರಶ್ನೆ: ಮೂಲವ್ಯಾಧಿಗೆ ಇದರ ಮಾಂಸ ಒಳ್ಳೆಯದೆಂದು ನಾಟಿ ವೈದ್ಯರೊಬ್ಬರು ಹೇಳಿದರು.

ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿಗಳು ಇದರ ಮೈಯಲ್ಲಿರುತ್ತವೆ. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿಗೆ ಹೋಗಿ ಮಿದುಳುಪೊರೆಯ ಉರಿಯೂತ ತರುತ್ತವೆ. ಆ ವೈದ್ಯರು ಮೊದಲು ತಾವೇ ತಿನ್ನಲಿ. ನೀವು ಈ ಹುಳ ಹರಿದಾಡಿದ ಸೊಪ್ಪನ್ನೂ ತೊಳೆದು, ಬೇಯಿಸಿ ತಿನ್ನಿ.