ಆಟದ ಫೋಟೋ, ಆಟದ ವಿಡಿಯೋ: ಎರಡಕ್ಕೂ ಒಂದೇ ಮಿರರ್‌ಲೆಸ್ ಸಾಕಾ?

ಪ್ರಶ್ನೆ: ನಾನು ಬದಿಯಡ್ಕ ಹತ್ರದವ. ಯಕ್ಷಗಾನ ಆಟದ ಹುಚ್ಚು ಜಾಸ್ತಿ, ರಾತ್ರಿ ಕೂತು ಫೋಟೋ ತೆಗೀತೇನೆ, ಈಗ ಪದ್ಯ ಕುಣಿತದ ವಿಡಿಯೋ ಕೂಡ ಹಾಕ್ಬೇಕು ಅಂತ ಆಸೆ. ಹಳೆ ಕ್ಯಾನನ್ ಡಿಎಸ್‌ಎಲ್‌ಆರ್ ಉಂಟು, ಅದರ 50 ಎಂಎಂ ಎಫ್ 1.8 ಮತ್ತೆ 55-250 ಲೆನ್ಸ್ ಉಂಟು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ನೋಡುವ ಅಂತ ಹೋದ್ರೆ ಅಂಗಡಿಯಲ್ಲಿ ಐಬಿಐಎಸ್ ಇಲ್ಲದ್ದು ತಗೊಳ್ಳಲೇ ಬೇಡಿ, ಕತ್ತಲಲ್ಲಿ ಎಲ್ಲ ಶೇಕ್ ಬರ್ತದೆ ಅಂತಾರೆ. ಅದಕ್ಕೆ ನನ್ನ ಬಜೆಟ್ ಮುಟ್ಟುದಿಲ್ಲ. ಎಂಥ ಮಾಡುದು?

ಉತ್ತರ: ಐಬಿಐಎಸ್ ಅಂದ್ರೆ ಬಾಡಿಯ ಒಳಗೆ ಸೆನ್ಸರನ್ನೇ ಅಲ್ಲಾಡಿಸಿ ನಿಮ್ಮ ಕೈಯ ನಡುಕ ಸರಿ ಮಾಡುವ ವ್ಯವಸ್ಥೆ. ನಿಮ್ಮ ಕೈಯದ್ದು ಮಾತ್ರ ಮಾರಾಯ್ರೆ, ಪುಂಡುವೇಷದವರ ಕಾಲಿನದ್ದು ಅಲ್ಲ! ದಿಗಿಣ ಹಾರುವಾಗ ಫೋಟೋ ಕಲಸಿಹೋಗುದು ಶಟರ್ ನಿಧಾನ ಆದದ್ದಕ್ಕೆ, ಅಲ್ಲಿ ಐಬಿಐಎಸ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಟ್ರೈಪಾಡ್ ಇಲ್ಲದೆ ಕೈಯಲ್ಲೇ ವಿಡಿಯೋ ಮಾಡುವವರಿಗೆ, ಚೌಕಿಯಲ್ಲಿ ಬಣ್ಣ ಹಚ್ಚುದು ತೆಗೆಯುವವರಿಗೆ ಅದು ಒಳ್ಳೆ ಉಪಕಾರ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ರಾತ್ರಿ ಆಟಕ್ಕೆ ನೀವು ಟ್ರೈಪಾಡ್ ಇಡ್ಲೇಬೇಕು, ಆಗ ಅದಕ್ಕೆ ಕೆಲಸವೇ ಇಲ್ಲ.

ನಿಜವಾದ ತಕರಾರು ಬೇರೆ ಉಂಟು, ಅದನ್ನು ಅಂಗಡಿಯಲ್ಲಿ ಯಾರೂ ಹೇಳುದಿಲ್ಲ. ಫೋಟೋಕ್ಕೆ ಬೇಕಾದ ಶಟರ್ರೇ ಬೇರೆ, ವಿಡಿಯೋಕ್ಕೆ ಬೇಕಾದ್ದೇ ಬೇರೆ. ನಮ್ಮ ಕರೆಂಟು 50 ಸೈಕಲ್‌ದು, ಅದರಲ್ಲಿ ಉರಿಯುವ ಲೈಟು ಸೆಕೆಂಡಿಗೆ 100 ಸಲ ಮಿಣುಕ್ತದೆ, ಹಾಗಾಗಿ ವಿಡಿಯೋ ಪಾಲ್ ಸಿಸ್ಟಮಿಗೆ (50 ಸೈಕಲ್ ಕರೆಂಟಿಗೆ ಹೊಂದುವ ಸೆಟ್ಟಿಂಗ್) ಹಾಕಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಅಂತ ಇಟ್ರೆ ಪರದೆಯಲ್ಲಿ ಪಟ್ಟಿ ಓಡುದಿಲ್ಲ, ಕುಣಿತವೂ ಕಣ್ಣಿಗೆ ಹಿತವಾಗಿ ಕಾಣ್ತದೆ. ಅದೇ ದಿಗಿಣ ಫೋಟೋದಲ್ಲಿ ನಿಲ್ಬೇಕಾದ್ರೆ ಕಮ್ಮಿ ಅಂದ್ರೂ 1/500 ಬೇಕು. ಅಂದ್ರೆ ಬೆಳಕು ಹತ್ತರಲ್ಲಿ ಒಂದು ಪಾಲು. ವಿಡಿಯೋಕ್ಕೆ ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಏರಿಸಿ ತೋರಿಸ್ತದೆ ಅನ್ನುವ ಲೆಕ್ಕ) 1600 ಸಾಕಾಗುವ ರಂಗಸ್ಥಳದಲ್ಲಿ ಅದೇ ಲೆನ್ಸಿಗೆ, ಅದೇ ಎಫ್ ನಂಬರಿಗೆ (ಇದು ಸಣ್ಣ ಆದಷ್ಟು ಲೆನ್ಸ್ ಜಾಸ್ತಿ ಬೆಳಕು ಬಿಡ್ತದೆ) ಫೋಟೋ 16000 ಕೇಳ್ತದೆ. "4ಕೆ ವಿಡಿಯೋದಿಂದಲೇ ಫೋಟೋ ಕಿತ್ಕೊಳ್ಳುವ" ಅಂತ ತುಂಬ ಜನ ಕೇಳ್ತಾರೆ, ಕಿತ್ರೆ ಸಿಗುದು 8 ಮೆಗಾಪಿಕ್ಸೆಲ್ ಚಿತ್ರ, ಅದೂ 1/50ರಲ್ಲಿ ತೆಗ್ದದ್ದು, ಕೈ ಕಾಲು ಎಲ್ಲ ಗಂಜಿ ಹಾಗೆ. ಒಂದು ಪ್ರಸಂಗದಲ್ಲಿ ಯಾವ ಭಾಗ ವಿಡಿಯೋ, ಯಾವ ಭಾಗ ಫೋಟೋ ಅಂತ ಮೊದ್ಲೇ ಹಂಚಿಕೊಳ್ಳಿ. ಒಡ್ಡೋಲಗ (ವೇಷಗಳು ಮೊದ್ಲು ರಂಗಕ್ಕೆ ಬರುವ ಕುಣಿತ) ಫೋಟೋ, ಸಂವಾದ ವಿಡಿಯೋ, ನಾನು ಮಾಡುದು ಹಾಗೆ.

ಹಾಗಾದ್ರೆ ದುಡ್ಡು ಎಲ್ಲಿ ಹಾಕುದು? ಬೆಳಕು ಜಾಸ್ತಿ ಬಿಡುವ ಲೆನ್ಸಿಗೆ, ಅದು ನಿಮ್ಮಲ್ಲಿ ಈಗಾಗ್ಲೇ ಉಂಟು. ನಿಮ್ಮ 55-250 ಎಳೆದ ತುದಿಯಲ್ಲಿ ಎಫ್ 5.6, 50 ಎಂಎಂ ಎಫ್ 1.8, ಎರಡರ ಮಧ್ಯೆ ಬೆಳಕಿನ ವ್ಯತ್ಯಾಸ ಹತ್ತಿರ ಹತ್ತು ಪಟ್ಟು. ಮೇಲೆ ಹೇಳಿದ ಆ ಹತ್ತರ ಲೆಕ್ಕ ಇಲ್ಲಿ ತುಂಬಿಕೊಳ್ಳುದು ನೋಡಿ. ಎರಡು ಲೆನ್ಸೂ ಇರುವಾಗ ನೀವು ಬೇರೆ ಕಂಪೆನಿಗೆ ಹಾರುದು ಬೇಡ, ಇಎಫ್-ಇಒಎಸ್ ಆರ್ ಅಡಾಪ್ಟರ್ (ಹಳೆ ಲೆನ್ಸನ್ನು ಹೊಸ ಬಾಡಿಗೆ ಸೇರಿಸುವ ಬಳೆ) ಹಾಕಿದ್ರೆ ಎರಡೂ ಆಟೋಫೋಕಸ್ ಸಮೇತ ನಡೀತವೆ. ಬಾಡಿ ಕ್ಯಾನನ್ ಆರ್10 ಸಾಕು. ಐಬಿಐಎಸ್ ಇಲ್ಲ, ಹೆಡ್‌ಫೋನ್ ತೂತು ಇಲ್ಲ, ಆದ್ರೆ ಎರಡು ಡಯಲ್ ಉಂಟು, ಕತ್ತಲಲ್ಲಿ ಬೆರಳಲ್ಲೇ ಶಟರ್ ಬದಲಿಸ್ಲಿಕ್ಕೆ ಬರ್ತದೆ. ಆರ್50 ಇನ್ನೂ ಕಮ್ಮಿಗೆ ಸಿಗ್ತದೆ, ಚಿತ್ರ ಹೆಚ್ಚುಕಮ್ಮಿ ಅದೇ, ಡಯಲ್ ಮಾತ್ರ ಒಂದೇ. ಆರ್10ರಲ್ಲಿ 4ಕೆ 25 ಇಟ್ರೆ ಸೆನ್ಸರಿನ ಪೂರ್ತಿ ಅಗಲ ಸಿಗ್ತದೆ, 50 ಇಟ್ರೆ ನಡುವಿನ ತುಂಡು ಮಾತ್ರ, ಎರಡು ವೇಷ ನಿಲ್ಲುವ ಜಾಗದಲ್ಲಿ ಒಂದೇ ಹಿಡೀತದೆ. ಲಾಗ್, 10 ಬಿಟ್ ಅಂತ ಆಮೇಲೆ ಬಣ್ಣ ತಿದ್ದಲಿಕ್ಕೆ ಇರುವ ವಿಡಿಯೋ ಸೆಟ್ಟಿಂಗ್ ಎಲ್ಲ ಸದ್ಯಕ್ಕೆ ಬಿಟ್ಬಿಡಿ.

ಸೈಲೆಂಟ್ ಶಟರ್ ಒಂದು ದೊಡ್ಡ ಫೀಚರ್ ಅಂತ ಹೇಳ್ತಾರಲ್ಲ, ಅದನ್ನು ರಂಗಸ್ಥಳದಲ್ಲಿ ಮುಟ್ಬೇಡಿ. ಕುಂಬಳೆ ಕಡೆ ಒಂದು ಆಟದಲ್ಲಿ ಸದ್ದಾಗ್ಬಾರ್ದು ಅಂತ ನಾನು ಅದನ್ನೇ ಹಾಕಿ ಕೂತೆ, ಮನೆಗೆ ಬಂದು ನೋಡಿದ್ರೆ ಮಹಿಷಾಸುರನ ಮುಖದ ಮೇಲೆ ಎಲ್‌ಇಡಿ ಲೈಟಿನ ಅಡ್ಡಪಟ್ಟಿ, ಜೀಬ್ರಾದ ಹಾಗೆ, ಒಂದೂ ಉಳೀಲಿಲ್ಲ. ಚೆಂಡೆ ಬಡಿಯುವಲ್ಲಿ ಶಟರಿನ ಟಿಕ್ ಯಾರಿಗೆ ಕೇಳ್ತದೆ ಹೇಳಿ!

ಚೆಂಡೆ ಅಂದದ್ದಕ್ಕೆ ನೆನಪಾಯ್ತು, ಕ್ಯಾಮೆರಾದ ಮೈಕು ಆಟೋದಲ್ಲಿ ಇಟ್ರೆ ಒಂದು ಉರುಳಿಕೆ ಬಿದ್ದ ಕೂಡ್ಲೆ ಅದು ಲೆವೆಲ್ ಇಳಿಸಿಬಿಡ್ತದೆ, ಭಾಗವತರ ಸ್ವರ ಬಾವಿಯೊಳಗಿಂದ ಬಂದ ಹಾಗೆ. ಮ್ಯಾನುಯಲ್ ಮಾಡಿ, ಚೆಂಡೆಯ ಜೋರು ಪೆಟ್ಟು ಲೆವೆಲ್ ಮೀಟರಿನಲ್ಲಿ ಮೈನಸ್ 6 ಡಿಬಿ ದಾಟದ ಹಾಗೆ ಇಡಿ. ಮೈಕ್‌ಸೆಟ್ಟಿನವರ ಪರಿಚಯ ಇದ್ರೆ ಅವರ ಮಿಕ್ಸರಿನಿಂದ ಒಂದು ವಯರ್ ರೆಕಾರ್ಡರಿಗೆ ಎಳ್ಕೊಳ್ಳಿ, ಆ ರೆಕಾರ್ಡರಿಗೆ ಖರ್ಚು ಮಾಡಿದ್ದು ಯಾವತ್ತೂ ದಂಡ ಅಲ್ಲ.

ಕಾರ್ಡಿನ ಲೆಕ್ಕವೂ ಹಾಕಿಡಿ. ಸೆಕೆಂಡಿಗೆ 100 ಮೆಗಾಬಿಟ್ 4ಕೆ ಅಂದ್ರೆ ಗಂಟೆಗೆ 45 ಜಿಬಿ, ಕಾಲಮಿತಿ ಆಟ ನಾಲ್ಕು ಗಂಟೆ ಹೋದ್ರೆ 180. ಮಿರರ್‌ಲೆಸ್ಸಿಗೆ ಸೆನ್ಸರು ಸ್ಕ್ರೀನು ಯಾವಾಗ್ಲೂ ಉರೀತಾ ಇರ್ಬೇಕು, ಹಾಗಾಗಿ ಡಿಎಸ್‌ಎಲ್‌ಆರ್ ಹಾಗೆ ಒಂದೇ ಬ್ಯಾಟರಿಯಲ್ಲಿ ಬೆಳಗು ಆಗುದಿಲ್ಲ, ಮೂರು ಬೇಕು.

ಇನ್ನೊಂದು, ದುಡ್ಡು ಕೊಡುವ ಮೊದ್ಲು ಇದು ಮಾಡಿ. ಪತ್ತನಾಜೆ (ಆ ವರ್ಷದ ಆಟದ ತಿರುಗಾಟ ಮುಗಿಯುವ ದಿನ) ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಿಮ್ಮ ಲೆನ್ಸ್ ಎಲ್ಲಿ ಇರ್ತದೆ? ಕಪಾಟಲ್ಲಿ, ಬ್ಯಾಗಿನ ಒಳಗೆ, ಆಟಿ ಸೋಣ ಎರಡೂ ತಿಂಗಳ ಮಳೆ ಅಲ್ಲೇ ಅಲ್ವಾ. ಆ 55-250ರ ಎರಡೂ ಕ್ಯಾಪ್ ತೆಗ್ದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡನ ಬಲೆ ಹಾಗೆ ಬಿಳಿ ಎಳೆ ಕಂಡ್ರೆ ಅದು ಫಂಗಸ್. ಆಗ ಅಡಾಪ್ಟರಿಗಿಂತ ಮೊದ್ಲು ಒಂದು ಡ್ರೈ ಬಾಕ್ಸ್ ತಗೊಳ್ಳಿ, ತೇವಾಂಶ ಶೇಕಡ 40ರಿಂದ 50ರ ಒಳಗೆ ಇಡಿ, ಆ ಲೆನ್ಸನ್ನು ಕ್ಲೀನ್ ಮಾಡಿಸದೆ ಹೊಸ ಕ್ಯಾಮೆರಾ ಜೊತೆ ಅದರಲ್ಲಿ ಇಡ್ಬೇಡಿ.