ಒಣಹುಲ್ಲನ್ನು ಒಂದಡಿ ದೂರದಿಂದ ನೋಡಿ

2017ರಲ್ಲಿ ಬಂದ ಓದುಗರೊಬ್ಬರ ಪತ್ರ: "ಮಗಳ ಮನೆಗೆಂದು ಫಿಲಡೆಲ್ಫಿಯಾಕ್ಕೆ ಬಂದಿದ್ದೇವೆ. ಇಲ್ಲೇ ಹತ್ತಿರದ ಚಾಡ್ಸ್ ಫೋರ್ಡ್‌ನ ಬ್ರಾಂಡಿವೈನ್ ಮ್ಯೂಸಿಯಂನಲ್ಲಿ ಅಮೆರಿಕದ ಚಿತ್ರಕಾರ ಆಂಡ್ರೂ ವೈಯೆತ್‌ರ ಜನ್ಮಶತಾಬ್ದಿಯ ಸಿಂಹಾವಲೋಕನ ಪ್ರದರ್ಶನವಂತೆ. ಪುಸ್ತಕದಲ್ಲಿ ನೋಡಿದರೆ ಬರೀ ಒಣಹುಲ್ಲು, ಕಂದುಬಣ್ಣ. ಫೋಟೋದ ಹಾಗಿರುವುದನ್ನು ನೋಡಲು ಹೋಗಬೇಕೇ? ಅವರ 'ಕ್ರಿಸ್ಟೀನಾಸ್ ವರ್ಲ್ಡ್' ಚಿತ್ರ ಅಲ್ಲಿ ನೋಡಸಿಗುತ್ತದೆಯೇ?"

ಸಂಪಾದಕರು ಆಗ ಕೊಟ್ಟ ಉತ್ತರ: ಕೊನೆಯ ಪ್ರಶ್ನೆ ಮೊದಲು. 1948ರ ಆ ಚಿತ್ರ ಇರುವುದು ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿ. 1949ರಲ್ಲಿ 1,800 ಡಾಲರಿಗೆ ಕೊಂಡವರು ಈಗ ಅದನ್ನು ಹೊರಗೆ ಕಳಿಸುವುದು ತೀರ ಅಪರೂಪ. ನೋಡಲೇಬೇಕಿದ್ದರೆ ನ್ಯೂಯಾರ್ಕಿಗೇ ಹೋಗಿ. ಆದರೆ ಚಾಡ್ಸ್ ಫೋರ್ಡ್ ಬಿಡಬೇಡಿ, ಸೆಪ್ಟೆಂಬರ್ 17ರೊಳಗೆ ಹೋಗಿಬನ್ನಿ.

ಫೋಟೋದ ಹಾಗೆ ಕಾಣುವುದು ಪುಸ್ತಕದ ತಪ್ಪು. ವೈಯೆತ್‌ರ ದೊಡ್ಡ ಚಿತ್ರಗಳು ಬಹುಪಾಲು ತೈಲವರ್ಣವಲ್ಲ, ಮೊಟ್ಟೆಯ ಟೆಂಪೆರಾ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಹಳದಿಯನ್ನು ಬೇರೆ ಮಾಡಿ, ಅಂಗೈಯಿಂದ ಅಂಗೈಗೆ ಉರುಳಿಸಿ ಬಿಳಿಲೋಳೆ ಕಳೆಯಬೇಕು. ಆಮೇಲೆ ಪೊರೆಯನ್ನು ಬೆರಳಲ್ಲಿ ಹಿಡಿದೆತ್ತಿ ಚುಚ್ಚಿದರೆ ಹಳದಿ ಬಟ್ಟಲಿಗೆ ಇಳಿಯುತ್ತದೆ, ಪೊರೆ ಕೈಯಲ್ಲೇ ಉಳಿಯುತ್ತದೆ. ಅದಕ್ಕೆ ನೀರು, ನೀರಲ್ಲಿ ಅರೆದ ಬಣ್ಣದ ಪುಡಿ. ಹಳದಿ ಕಮ್ಮಿಯಾದರೆ ಬಣ್ಣ ರಂಗೋಲಿ ಪುಡಿಯಂತೆ ಉದುರುತ್ತದೆ, ಜಾಸ್ತಿಯಾದರೆ ಜಿಡ್ಡಾಗಿ ಬಿರಿಯುತ್ತದೆ. ಬೇಗ ಕೆಡುವುದರಿಂದ ದಿನವೂ ಹೊಸದಾಗಿ ಕಲಸಿಕೊಳ್ಳಬೇಕು.

ಹಚ್ಚಿದ ಗೆರೆ ನೋಡನೋಡುತ್ತ ಒಣಗುತ್ತದೆ. ಎಣ್ಣೆಬಣ್ಣದಂತೆ ಎರಡು ಹಸಿ ಬಣ್ಣಗಳನ್ನು ಹಲಗೆಯ ಮೇಲೇ ಬೆರೆಸಲಾಗದು. ಒಂದೆಡೆಯೇ ಉಜ್ಜಿದರೆ ಕೆಳಪದರ ಕಿತ್ತುಬರುತ್ತದೆ. ಉಳಿದ ದಾರಿ ಒಂದೇ: ಸಣ್ಣ ಗೆರೆಯ ಪಕ್ಕ ಇನ್ನೊಂದು, ಅದರ ಮೇಲೆ ಮತ್ತೊಂದು. ನಿಮಗೆ ಬೇಸರ ತಂದ ಒಣಹುಲ್ಲು ಹೀಗೆ ಎಳೆಎಳೆಯಾಗಿ ಬೆಳೆದದ್ದು. ಒಂದಡಿ ದೂರ ನಿಂತರೆ ಕಂದಿನ ಕೆಳಗೆ ಬೇರೆ ಬಣ್ಣಗಳೂ ಇಣುಕುತ್ತವೆ. ಅದಕ್ಕಿಂತ ಹತ್ತಿರ ಹೋದರೆ ಕಾವಲಿನವರು ಗದರಿಯಾರು! ಮುಟ್ಟುವುದಂತೂ ಬೇಡ. ಬಣ್ಣದ ಕೆಳಗಿರುವುದು ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಗಡುಸು ಲೇಪ. ಹಲಗೆ ತೇವಕ್ಕೆ ಬಾಗಿದರೂ ಸಾಕು, ಅದು ಬಿರುಕು ಬಿಡುತ್ತದೆ.

ಜಲವರ್ಣಗಳಿರುವ ಕಡೆ ಬೆಳಕು ಮಂದ, ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು. ದೀಪ ಕೆಟ್ಟಿದೆಯೆಂದು ಗೊಣಗಬೇಡಿ, ಬೆಳಕಿಗೆ ಕಾಗದದ ಮೇಲಿನ ಬಣ್ಣ ಮಾಸುತ್ತದೆ. ಬಿಸಿಲಿನಿಂದ ಒಳಬಂದ ಕಣ್ಣಿಗೆ ನಾಲ್ಕೈದು ನಿಮಿಷ ಕೊಡಿ. ಕುಂಚವನ್ನು ಬೆರಳಿಂದ ಹಿಂಡಿ, ಕೂದಲು ಕವಲೊಡೆದಾಗ ಎಳೆದ 'ಡ್ರೈಬ್ರಷ್' ಗೆರೆಗಳು ಆಗ ಕಾಣತೊಡಗುತ್ತವೆ. ನಮ್ಮ ಮಟ್ಟಿಗೆ ವೈಯೆತ್‌ರ ನಿಜವಾದ ಕೈಚಳಕ ಇಲ್ಲಿದೆ. ನೆರೆಯ ಹೆಂಗಸು ಹೆಲ್ಗಾಳನ್ನು ಅವರು ವರ್ಷಗಟ್ಟಲೆ ಗುಟ್ಟಾಗಿ ಬಿಡಿಸಿದ ಚಿತ್ರಗಳ ಸುತ್ತಲಿನ ಗುಲ್ಲಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೂರಕ್ಕೂ ಹೆಚ್ಚು ಕೃತಿಗಳಿವೆ. ಎಲ್ಲದರ ಮುಂದೆಯೂ ನಿಂತರೆ ಕಾಲು ಸೋಲುತ್ತದೆ. ಹತ್ತನ್ನು ಆರಿಸಿಕೊಂಡು ಮಧ್ಯಾಹ್ನವನ್ನು ಅವರ ಎಷ್ಟೋ ಚಿತ್ರಗಳಿಗೆ ವಸ್ತುವಾದ ಕರ್ನರ್ ತೋಟಕ್ಕೆ ಉಳಿಸಿ. ಅದಕ್ಕೆ ಟಿಕೆಟ್ ಬೇರೆ, ಜಾಗ ಕಮ್ಮಿ, ಮಗಳಿಗೆ ಹೇಳಿ ಮೊದಲೇ ಕಾದಿರಿಸಿ. ಮ್ಯೂಸಿಯಂನ ವಾಹನವೇ ಕರೆದೊಯ್ಯುತ್ತದೆ. ಅಲ್ಲಿನ ಬೋಳುಗುಡ್ಡವೇ 'ವಿಂಟರ್ 1946' ಎಂಬ ಚಿತ್ರದಲ್ಲಿ ಹುಡುಗನೊಬ್ಬ ದಿಕ್ಕೆಟ್ಟು ಓಡಿ ಇಳಿಯುವ ಇಳಿಜಾರು. 1945ರ ಅಕ್ಟೋಬರಿನಲ್ಲಿ ವೈಯೆತ್‌ರ ತಂದೆಯ ಕಾರಿಗೆ ರೈಲು ಬಡಿದ ಕ್ರಾಸಿಂಗ್ ಅದೇ ಗುಡ್ಡದ ಆಚೆ ಬದಿಗಿದೆ. ಚಿತ್ರದಲ್ಲಿ ಅದು ಕಾಣುವುದಿಲ್ಲ.