ಪಿಆರ್ ಏಜೆನ್ಸಿಯೋ, ಕಂಪನಿಯೋ? ಮೊದಲ ಕೆಲಸ ಎಲ್ಲಿ?

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದ್ದೇನೆ. ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತೇನೆ. ಬೆಂಗಳೂರಿನಲ್ಲಿ ಎರಡು ಕಡೆ ಕೆಲಸ ಸಿಕ್ಕಿದೆ. ಒಂದು, ಬೇರೆ ಬೇರೆ ಕಂಪನಿಗಳ ಪರವಾಗಿ ಪತ್ರಿಕೆಗಳಿಗೆ ಸುದ್ದಿ ಕಳಿಸುವ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ. ಇನ್ನೊಂದು, ಷೇರುಪೇಟೆಯಲ್ಲಿರುವ ಕಂಪನಿಯ ಕಮ್ಯುನಿಕೇಷನ್ ವಿಭಾಗ. ಅಲ್ಲಿ ನಾನೂ ಸೇರಿ ಇಬ್ಬರೇ. ಕಂಪನಿಯಲ್ಲಿ ಸಂಬಳ ಜಾಸ್ತಿ, ಶನಿವಾರ ರಜೆ. ಮನೆಯಲ್ಲಿ ಎಲ್ಲರೂ ಅಲ್ಲಿಗೇ ಸೇರು ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗಿ, ಶಿವಮೊಗ್ಗ

ಉತ್ತರ: ನನ್ನ ಮಾತು ಕೇಳುವುದಾದರೆ ಮೊದಲು ಏಜೆನ್ಸಿಗೆ ಸೇರಿ. ಎರಡು ವರ್ಷವಾದರೂ ಇರಿ. ಒಂದೇ ಷರತ್ತು: ನೀವು ಬರೆದದ್ದನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವವರು ಅಲ್ಲಿರಬೇಕು. ಅವರಿಲ್ಲದ ಏಜೆನ್ಸಿಯಲ್ಲಿ ಸುಮ್ನೆ ದುಡಿತ, ಅಷ್ಟೇ.

ಏಜೆನ್ಸಿ ಯಾಕೆ ಅಂದರೆ, ಈ ಕಸುಬಿನ ಬೇರು ಇರುವುದು ಪತ್ರಕರ್ತರ ಜೊತೆಗಿನ ಮಾತುಕತೆಯಲ್ಲಿ. ಬೆಳಿಗ್ಗೆ ಒಂದು ಆಸ್ಪತ್ರೆಯ ಸುದ್ದಿ, ಮಧ್ಯಾಹ್ನ ಸ್ಟಾರ್ಟಪ್‌ದು, ಸಂಜೆ ಮಸಾಲೆಪುಡಿ ಕಂಪನಿಯದು. ಪ್ರತಿ ಸಲವೂ ವರದಿಗಾರರು ಕೇಳುವುದು ಒಂದೇ: ‘ಇದರಲ್ಲಿ ಸುದ್ದಿ ಏನಿದೆ?’ ಅದಕ್ಕೆ ತಡವರಿಸದೆ ಉತ್ತರ ಕೊಡಲು ಬಂದರೆ ಅರ್ಧ ಕೆಲಸ ಕಲಿತಂತೆ. ಇದು ಕ್ಲಾಸಿನಲ್ಲಿ ಬರುವುದಿಲ್ಲ.

ನಿಮಗೆ ಕನ್ನಡ ಬರುತ್ತದೆ ಅಂದಿರಲ್ಲ, ಅದರ ಬೆಲೆ ನಿಮಗೇ ಗೊತ್ತಿಲ್ಲ ಅನ್ನಿಸುತ್ತದೆ. ಕನ್ನಡ ಪತ್ರಿಕೆಗಳ ಡೆಸ್ಕಿಗೆ ಬರುವ ಎಷ್ಟೋ ಪ್ರೆಸ್ ನೋಟ್‌ಗಳು ‘ಕಂಪನಿಯು ಘೋಷಿಸಲು ಹರ್ಷಿಸುತ್ತದೆ’ ಎಂದು ಶುರುವಾಗುತ್ತವೆ. ಅದೂ ಪಿಡಿಎಫ್‌ನಲ್ಲಿ. ಕಾಪಿ ಮಾಡಿದರೆ ಒತ್ತಕ್ಷರಗಳೆಲ್ಲ ಒಡೆದು ಚೂರಾಗುತ್ತವೆ. ಪುಟ ಕಳಿಸುವ ಹೊತ್ತಿನಲ್ಲಿ ಅದನ್ನು ಕೂತು ಟೈಪ್ ಮಾಡುವ ಪುರುಸೊತ್ತು ಯಾವ ಉಪಸಂಪಾದಕರಿಗಿದೆ? ‘ಹುಬ್ಬಳ್ಳಿಯಲ್ಲಿ ಸೋಮವಾರದಿಂದ ಹೊಸ ಮಕ್ಕಳ ಆಸ್ಪತ್ರೆ’ ಎಂದು ನೇರವಾಗಿ ಬರೆಯಿರಿ. ಯೂನಿಕೋಡ್ ಫೈಲಿನ ಜೊತೆ ‘ನುಡಿ’ ತಂತ್ರಾಂಶದ ಫಾಂಟ್‌ನಲ್ಲೂ ಒಂದು ಕಳಿಸಿ. ಫೋಟೊದಲ್ಲಿ ಯಾರು ಯಾರು ಇದ್ದಾರೆ ಎಂದು ಎಡದಿಂದ ಬಲಕ್ಕೆ ಹೆಸರು ಕೊಡಿ. ಆಮೇಲೆ ನಿಮ್ಮ ಮೇಲ್ ಅನ್ನು ಅವರೇ ತೆರೆದು ನೋಡುತ್ತಾರೆ.

ಕಂಪನಿಯ ಕೆಲಸ ಸಣ್ಣದು ಅಂತ ಅಲ್ಲ. ಅಲ್ಲಿನ ಜವಾಬ್ದಾರಿಯ ಭಾರವೇ ಬೇರೆ. 2015ರ ಜೂನ್‌ನಲ್ಲಿ ಮ್ಯಾಗಿ ಮಾರುವಂತಿಲ್ಲ ಎಂದು ಆದೇಶವಾಯಿತು. ಅದು ಮತ್ತೆ ಅಂಗಡಿಗೆ ಬಂದದ್ದು ನವೆಂಬರ್‌ನಲ್ಲಿ. ಅಂಥ ಹೊತ್ತಿನಲ್ಲಿ ಕಾರ್ಖಾನೆ, ಲ್ಯಾಬ್, ವಕೀಲರು ಎಲ್ಲರ ಮಾತನ್ನೂ ತಿಳಿದು ಜನರಿಗೆ ಉತ್ತರ ಕೊಡಲು ಒಳಗಿನವರೇ ಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮಗಳೂ ಇವೆ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಹೊರಬಂದು 48 ಗಂಟೆ ಆಗುವವರೆಗೆ ಒಳಗಿನ ವಿಷಯ ಗೊತ್ತಿರುವವರು ಆ ಕಂಪನಿಯ ಷೇರು ಮುಟ್ಟುವಂತಿಲ್ಲ. ಮನೆಯಲ್ಲೂ ಬಾಯಿ ಬಿಡುವಂತಿಲ್ಲ. ಈಗ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗೆ ಇನ್ನೊಂದು ನಿಯಮ: ಮಾಧ್ಯಮದಲ್ಲಿ ಬಂದ ವದಂತಿಯಿಂದ ಷೇರು ಬೆಲೆ ಗಣನೀಯವಾಗಿ ಏರಿಳಿದರೆ, ಅದು ಹೌದೋ ಅಲ್ಲವೋ 24 ಗಂಟೆಯೊಳಗೆ ಹೇಳಬೇಕು. ಈ ನಿಯಮಗಳ ಪಾಲನೆ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿ ಜೊತೆ ಕೂತು ಇದನ್ನು ನಿಭಾಯಿಸುವುದು ಒಳ್ಳೆಯ ಕೆಲಸ.

ಆದರೆ ಇಬ್ಬರೇ ಇರುವ ವಿಭಾಗದಲ್ಲಿ ಹೊಸಬರ ಕೈಗೆ ಅದು ಬರುವುದು ಕಷ್ಟ. ನಿಮಗೆ ಸಿಗುವುದು ಒಳಗಿನ ನ್ಯೂಸ್‌ಲೆಟರ್, ವಾರ್ಷಿಕೋತ್ಸವದ ಬ್ಯಾನರ್, ಫೋಟೊಗ್ರಾಫರ್ ಬಿಲ್ಲು. ಪತ್ರಕರ್ತರಿಗೆ ಫೋನ್ ಮಾಡಲು ಎಷ್ಟೋ ಕಂಪನಿಗಳು ಒಂದು ಏಜೆನ್ಸಿಯನ್ನೇ ಇಟ್ಟುಕೊಂಡಿರುತ್ತವೆ! ಮುಂದೆ ನೀವು ಕಂಪನಿಗೆ ಹೋದರೂ ಏಜೆನ್ಸಿಯಲ್ಲಿ ಕೆಲಸ ಮಾಡಿದ್ದರೆ, ಅಂಥ ಏಜೆನ್ಸಿಯವರು ಕೊಡುವ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತದೆ.

ನಿಮ್ಮ ಕಂಪನಿಯಲ್ಲಿ ಒಂದು ವಿಷಯ ಕೇಳಿ: ವಿಭಾಗದ ಮುಖ್ಯಸ್ಥರು ಯಾರಿಗೆ ರಿಪೋರ್ಟ್ ಮಾಡುತ್ತಾರೆ? ನೇರ ಎಂ.ಡಿ.ಗೆ ಎಂದಾದರೆ, ಅವರು ನಿಮ್ಮನ್ನೂ ಮೀಟಿಂಗಿಗೆ ಕರೆದೊಯ್ಯುವವರಾದರೆ, ನನ್ನ ಉತ್ತರ ಬದಲಾಗುತ್ತದೆ, ಅಲ್ಲಿಗೇ ಹೋಗಿ. ಮನೆಯಲ್ಲಿ ಸಾಲ ಇದ್ದು ನಿಮ್ಮ ಸಂಬಳದ ಮೇಲೇ ಸಂಸಾರ ನಡೆಯಬೇಕು ಎಂದರೂ ಅಷ್ಟೇ. ಆಗ ಹೆಚ್ಚು ಸಂಬಳ ನೋಡುವುದೇ ಸರಿ.

ಹಗಲು ರಾತ್ರಿ ದುಡಿಸುವ ಏಜೆನ್ಸಿಗಳು ಇವೆ, ಸುಳ್ಳಲ್ಲ. ಸಹಿ ಹಾಕುವ ಮೊದಲು ಒಬ್ಬೊಬ್ಬರಿಗೆ ಎಷ್ಟು ಕ್ಲೈಂಟ್ ಎಂದು ವಿಚಾರಿಸಿ. ಕೆಲಸದ ಫಲವನ್ನು ಹೇಗೆ ಅಳೆಯುತ್ತೀರಿ ಎಂದೂ ಕೇಳಿ. ಬಂದ ಸುದ್ದಿಯ ಅಳತೆಯನ್ನು ಜಾಹೀರಾತಿನ ದರಕ್ಕೆ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಎಂದು ತೋರಿಸುವ ಪದ್ಧತಿ ಇದೆ. ಅದು ಪಿಆರ್ ಕೆಲಸದ ಮೌಲ್ಯವಲ್ಲ ಎಂದು ಈ ಕೆಲಸದ ಫಲ ಅಳೆಯುವ ಬಗ್ಗೆ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಹೇಳಿಯಾಗಿದೆ. ಇವತ್ತಿಗೂ ಅದೊಂದನ್ನೇ ತೋರಿಸುವವರ ಹತ್ತಿರ ಕಲಿಯುವುದು ಕಡಿಮೆ.

ಕೊನೆಗೆ, ಏಜೆನ್ಸಿಯವರಿಗೆ ನೀವು ಇತ್ತೀಚೆಗೆ ಕಳಿಸಿದ ಒಂದು ಕನ್ನಡ ಪ್ರೆಸ್ ನೋಟ್ ತೋರಿಸಿ ಎನ್ನಿ. ಅದು ಹರ್ಷಿಸುವ ಕನ್ನಡವಾಗಿದ್ದರೆ ಅವರಿಗೆ ನೀವು ತುಂಬಾ ಬೇಕಾದವರು ಎಂದರ್ಥ. ಅಲ್ಲೇ ಅದನ್ನು ಸರಿಯಾಗಿ ಬರೆದು ತೋರಿಸಿ. ಸಂಬಳದ ಮಾತು ಆಮೇಲೆ ಎತ್ತಿ.